ಶಿವಪ್ಪ ತಂದ ಸೀರೆ

ಹೋದ ತಿಂಗಳು ಇಂಡಿಯಲ್ಲಿ ಶಿಕ್ಷಕರ ತರಬೇತಿ ಮುಗಿಸಿಕೊಂಡು ಸಿಂದಗಿ ಬಸ್ಸು ಹತ್ತಿದೆ. ಅಲ್ಲಿಂದ ಮುಂದೆ ಮುದ್ದೇಬಿಹಾಳ, ನನ್ನ ಮನೆ. ಬಸ್ಸು ಇನ್ನೇನು ಹೊರಡಬೇಕು, ಒಬ್ಬ ಮುದುಕ ಕಂಡಕ್ಟರನ ಜೊತೆ ಕಾದಾಡಿ ಗೆದ್ದು, ಎರಡು ಚೀಲ ನಿಂಬೆಹಣ್ಣು ತಂದು ನನ್ನ ಕಾಲ ಬುಡದಲ್ಲೇ ಇಳಿಸಿದ. ಯಾವ ಹಣ್ಣು ಒಡೆದಿತ್ತೋ ಏನೋ, ಆ ವಾಸನೆ ಎದ್ದು ಬಂದು ಗಂಟಲಲ್ಲಿ ಕೂತಿತು.

ಎದುರು ಸೀಟಿನಲ್ಲಿ ನನ್ನ ಜೊತೆ ತರಬೇತಿಗೆ ಬಂದಿದ್ದ ಇಬ್ಬರು ಎಳೆ ಮಾಸ್ತರರು ಪೇಪರು ಹರವಿಕೊಂಡು ವಾದಕ್ಕೆ ಬಿದ್ದಿದ್ದರು. ಇನ್ನು ಮುಂದೆ ಎಲ್ಲ ಮದುವೆಗಳೂ ಸರ್ಕಾರದಲ್ಲಿ ನೋಂದಣಿ ಆಗಬೇಕಂತೆ, ಅದರ ಸುದ್ದಿ. ನೋಂದಣಿ ಆಗದಿದ್ದರೆ ಅದು ಮದುವೆಯೇ ಅಲ್ಲ ಎಂದು ಒಬ್ಬ. ಏಳು ಹೆಜ್ಜೆ ಇಟ್ಟರೆ ಸಾಕು, ಕಾಯ್ದೆ ಅದನ್ನೇ ಹೇಳುತ್ತದೆ ಎಂದು ಇನ್ನೊಬ್ಬ. ಕಡೆಗೆ ನನ್ನ ಕಡೆ ತಿರುಗಿ, ಮೇಡಮ್ಮರೆ ನೀವು ಹಿರಿಯರು, ಮದುವೆ ಅಂದರೆ ಯಾವುದು ಹೇಳಿ ಅಂದರು. ನನ್ನನ್ನು ಕೇಳಬೇಡಿರಪ್ಪ, ಸಿಟ್ಟು ಬರುತ್ತದೆ ಅಂದೆ. ನಕ್ಕರು. ನಗಲಿ, ಅದು ನಗುವ ವಯಸ್ಸು. ನಾನು ಕಿಟಕಿ ಕಡೆ ಮುಖ ಮಾಡಿದೆ. ಕಣ್ಣು ತುಂಬಿದ್ದಕ್ಕೆ ನಿಂಬೆಯ ಘಾಟಿನ ನೆಪ ಇತ್ತು, ಪುಣ್ಯ.

ತೊಂಬತ್ತರ ದಶಕದ ಕೊನೆ. ನಾನು ಹತ್ತೊಂಬತ್ತರ ಹುಡುಗಿ. ನನ್ನ ಗೌರತ್ತೆ ಹೆಂಡತಿ ಹೌದೋ ಅಲ್ಲವೋ ಎಂದು ಊರೆಲ್ಲ, ಕೋರ್ಟೆಲ್ಲ ಮಾತಾಡಿದ ವರ್ಷ ಅದು.

ಗೌರತ್ತೆ ನನ್ನ ಅಪ್ಪನ ಒಬ್ಬಳೇ ತಂಗಿ. ಬಸವನ ಬಾಗೇವಾಡಿ ಹತ್ತಿರದ ನಮ್ಮೂರಿನಿಂದ ಹದಿನಾಲ್ಕಕ್ಕೆ ಲಗ್ನವಾಗಿ ಹೋದವಳು, ಹದಿನಾರಕ್ಕೆ ಗಂಡನನ್ನು ಹಾವಿಗೆ ಕೊಟ್ಟು ತವರಿಗೆ ಬಂದಳು. ಆ ಗಂಡನ ಹಿಂದೆ ಮುದಿ ತಾಯಿ ಒಬ್ಬಳಿದ್ದಳು. ಅವಳೂ ಹೋದ ಮೇಲೆ ಆ ಮನೆಯಲ್ಲಿ ದೀಪ ಹಚ್ಚುವವರು ಯಾರೂ ಉಳಿಯಲಿಲ್ಲ. ಅತ್ತೆ ಹತ್ತು ವರ್ಷ ನಮ್ಮ ಮನೆಯಲ್ಲಿ ರೊಟ್ಟಿ ಬಡಿದಳು. ನಾನು ಹುಟ್ಟಿದ ಮೇಲೆ ನನ್ನನ್ನು ಸೊಂಟದಿಂದ ಕೆಳಗೆ ಇಳಿಸಲಿಲ್ಲ. ಆಮೇಲೆ ಇಂಡಿ ತಾಲೂಕಿನಿಂದ, ಹಲಸಂಗಿಯಿಂದಾಚೆ ನಿಂಬೆ ತೋಟವಿದ್ದ ಮಲ್ಲಪ್ಪ ಎನ್ನುವವನು ಅವಳನ್ನು ಕೇಳಿಕೊಂಡು ಬಂದ. ಹೆಂಡತಿ ಸತ್ತಿದ್ದಳು, ಮಕ್ಕಳಿರಲಿಲ್ಲ. ಅವನ ಜೊತೆ ಅತ್ತೆಯ ಉಡಿಕಿ ಆಯಿತು.

ಉಡಿಕಿ ಅಂದರೆ ನಮ್ಮ ಕಡೆ ಗಂಡ ಸತ್ತ ಹೆಣ್ಣು ಮತ್ತೊಬ್ಬನ ಜೊತೆ ಬಾಳ್ವೆ ಹೂಡುವ ಪದ್ಧತಿ. ಅಜ್ಜ ಮುತ್ತಜ್ಜಂದಿರ ಕಾಲದಿಂದ ಬಂದದ್ದು, ಯಾರೂ ತಪ್ಪು ಅನ್ನುವುದಿಲ್ಲ. ಆದರೆ ಅದಕ್ಕೆ ಹಂದರವಿಲ್ಲ, ಬಾಜಾ ಇಲ್ಲ, ಅಕ್ಷತೆ ಇಲ್ಲ. ಹೊತ್ತು ಮುಳುಗುವಾಗ ಯಾರದೋ ಮನೆಯ ಒಳಗೆ ಗಂಡಿನ ಕಡೆಯವರು ತಂದ ಹೊಸ ಸೀರೆ ಉಡಿಸುತ್ತಾರೆ, ವಿಧವೆಯೊಬ್ಬಳು ತಾಳಿ ಕಟ್ಟುತ್ತಾಳೆ, ಬಾಯಿಗೆ ಬೆಲ್ಲ ಇಡುತ್ತಾರೆ, ಮುಗಿಯಿತು. ಮುತ್ತೈದೆಯರು ಅದನ್ನು ಕಣ್ಣಿಂದ ನೋಡಬಾರದು. ಅವತ್ತು ನನ್ನ ಅವ್ವ ನನ್ನನ್ನು ಮಡಿಲಲ್ಲಿ ಹಾಕಿಕೊಂಡು ಬಾಗಿಲು ಮುಚ್ಚಿ ಕೂತಿದ್ದಳಂತೆ. ಒಡಹುಟ್ಟಿದವನೂ ನೋಡುವ ಹಾಗಿಲ್ಲ, ಅಪ್ಪ ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ಒಳಗಿದ್ದವರು ಅತ್ತೆ, ಮಲ್ಲಪ್ಪ ಮಾವ, ತಾಳಿ ಕಟ್ಟಿದ ನೀಲವ್ವ ಎನ್ನುವ ಮುದುಕಿ, ಮತ್ತೆ ಮಾವನ ತಮ್ಮ ಶಿವಪ್ಪ. ಇಳಕಲ್ಲಿಗೆ ಹೋಗಿ ಅಂಗಡಿ ಅಂಗಡಿ ತಿರುಗಿ ಸೀರೆ ಆರಿಸಿ ತಂದವನು ಈ ಶಿವಪ್ಪನೇ. ಕಡುನೀಲಿ ಒಡಲು, ಕೆಂಪು ಸೆರಗು. ಅವತ್ತಿನಿಂದ ಅವನು ಅತ್ತೆಯನ್ನು ವೈನಿ ಅಂದ. ಅಣ್ಣನ ಹೆಂಡತಿಗೆ ನಮ್ಮ ಕಡೆ ಹಾಗನ್ನುತ್ತಾರೆ.

ಹದಿನಾಲ್ಕು ವರ್ಷ ಅತ್ತೆ ಆ ತೋಟದಲ್ಲಿ ದುಡಿದಳು. ಬೇಸಿಗೆ ರಜೆಗೆ ನಾನು ಅಲ್ಲಿಯೇ ಬಿದ್ದಿರುತ್ತಿದ್ದೆ. ಮಾವ ಮಾತು ಕಡಿಮೆಯ ಮನುಷ್ಯ, ಆದರೆ ನಾನು ಹೊರಡುವ ದಿನ ನನ್ನ ಚೀಲದಲ್ಲಿ ನಿಂಬೆಹಣ್ಣು ತುಂಬಿ, ಪಾಟಿ ಪುಸ್ತಕದ ಮೇಲೆ ರಸ ಬೀಳಬಾರದೆಂದು ಎಲೆ ಹಾಸಿ ಇಡುತ್ತಿದ್ದ. ಶಿವಪ್ಪನೂ ಕೆಟ್ಟವನಾಗಿರಲಿಲ್ಲ. ವೈನಿ ಮಾಡಿದ ರೊಟ್ಟಿ ಬೇಕು, ವೈನಿ ಹಾಕಿದ ಉಪ್ಪಿನಕಾಯಿ ಬೇಕು ಎಂದು ದಿನಾ ಆ ಕಡೆ ಮನೆಯಿಂದ ಈ ಕಡೆ ಬರುತ್ತಿದ್ದ. ಅವನ ಹೆಂಡತಿಗೆ ಬಾಣಂತನ ಮಾಡಿದವಳೂ ಅತ್ತೆಯೇ.

ಮಾವ ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಗಿಡದ ಬುಡದಲ್ಲಿ ಕುಸಿದ. ತೋಟದಲ್ಲಿಯೇ ಮಣ್ಣು ಮಾಡಿದರು. ದಿನಕರ್ಮ ಮುಗಿದ ಮರುದಿನ ಶಿವಪ್ಪ ಮುಖ ತೋರಿಸಲಿಲ್ಲ, ಹೆಂಡತಿಯ ಬಾಯಿಂದ ಹೇಳಿಸಿದ. ಇನ್ನು ನಿನ್ನ ತವರಿಗೆ ಹೋಗವ್ವ, ನೀನೇನು ಲಗ್ನ ಆಗಿ ಬಂದಾಕಿ ಅಲ್ಲ ಎಂದು. ಅತ್ತೆ ಟ್ರಂಕು ಹೊತ್ತು ನಮ್ಮ ಬಾಗಿಲಿಗೆ ಬಂದಾಗ ಅದರಲ್ಲಿ ಎರಡು ದಿನಬಳಕೆಯ ಸೀರೆ, ನಿಂಬೆ ಎಲೆ ಮಡಿಕೆಯಲ್ಲಿಟ್ಟ ಆ ಉಡಿಕಿ ಸೀರೆ, ಮತ್ತು ಬೇರಿಗೆ ಒದ್ದೆ ಚಿಂದಿ ಸುತ್ತಿದ ಒಂದು ನಿಂಬೆ ಸಸಿ ಇದ್ದವು.

ಅಣ್ಣನ ಮನೆಯಲ್ಲಿ ಮತ್ತೆ ಕೂಳಿಗೆ ಕೂಡುವುದಿಲ್ಲ ಎಂದು ಹಟ ಹಿಡಿದಳು. ಅಪ್ಪ ಪಂಚಾಯ್ತಿಗೆ ತಿರುಗಿ, ಊರ ಹೊರಗೆ ಬಾಗೇವಾಡಿ ರಸ್ತೆಗೆ ಹೊಂದಿ ಸರ್ಕಾರ ಕಟ್ಟಿಸಿದ ಆಶ್ರಯ ಮನೆಗಳಲ್ಲಿ ಒಂದನ್ನು ಅವಳ ಹೆಸರಿಗೆ ಮಾಡಿಸಿದ. ಒಂದು ಖೋಲಿ, ಮುಂದೆ ಒಂದು ಹಿಡಿ ಅಂಗಳ. ಅತ್ತೆ ಸಸಿಯನ್ನು ಅಲ್ಲಿ ಹಚ್ಚಿದಳು. ಕೋರ್ಟಿಗೆ ಹೋಗೋಣ ಎಂದವನು ಅಪ್ಪ. ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆ ಅಪ್ಪನಿಗೆ ಗೊತ್ತಿರಲಿಲ್ಲ ಎಂದಲ್ಲ. ತಂಗಿಯನ್ನು ಇಟ್ಟುಕೊಂಡವಳು ಎಂದು ಆ ಊರಿನಲ್ಲಿ ಅಂದರಲ್ಲ, ಅದು ಅವನಿಗೆ ನುಂಗಲಾಗದ ತುತ್ತಾಯಿತು.

ವಕೀಲರು ಅತ್ತೆಗೆ, ನಿನಗೆ ಏನು ಬೇಕಮ್ಮ ಎಂದು ಕೇಳಿದರು.

“ತೋಟ, ಹೊಲ ಶಿವಪ್ಪನ ಮಂದಿ ಉಣ್ಲಿರಿ. ಇರಾಕ ಆ ಮನ್ಯಾಗ ಒಂದು ಖೋಲಿ ಕೊಡ್ಲಿ. ನಾ ಅವರಣ್ಣನ ಹೇಣ್ತಿ ಅಂತ ಬರದು ಕೊಡ್ಲಿ. ಸತ್ತಾಗ ಅವರ ಮಗ್ಗಲಿಗೆ ಮಣ್ಣು ಕೊಡ್ಲಿ. ಇಷ್ಟ ಸಾಕ್ರಿ.”

ವಕೀಲರು ನಕ್ಕರು. ಬರೀ ಹೆಂಡತಿ ಅಂತ ಬರೆದು ಕೊಡಿ ಎಂದರೆ ಕಾಯ್ದೆ ಕೊಡುವುದಿಲ್ಲವಂತೆ, ಅದರ ಜೊತೆ ಆಸ್ತಿಯ ಪಾಲೂ ಕೇಳಬೇಕಂತೆ. ಕೇಳಿದರು. ಅವರು ಒಳ್ಳೆಯ ಮನುಷ್ಯರೇ, ಅತ್ತೆಯ ಮೇಲೆ ಕನಿಕರ ಇತ್ತು. ಆ ಕನಿಕರವೇ ಮುಳುವಾಯಿತು ನೋಡಿ. ಅಪ್ಪ ಉಡಿಕಿ ಎಂದು ಹೇಳಿದರೆ, ಆ ಮಾತು ಬೇಡ, ಜಡ್ಜ್ ಸಾಹೇಬರು ಬೇರೆ ಸೀಮೆಯವರು, ಹಾಗೆ ಬರೆದರೆ ಈ ಅಕ್ಕನವರ ಮಾನ ಹೋಗುತ್ತದೆ, ಸರಿಯಾಗಿ ಲಗ್ನ ಅಂತಲೇ ಬರೆಯುತ್ತೇನೆ ಅಂದರು. ಹೋಮದ ಮುಂದೆ ಏಳು ಹೆಜ್ಜೆ ಇಟ್ಟು ಸಕಲ ಬಂಧುಗಳ ಎದುರು ವಿವಾಹವಾಯಿತು ಎಂದು ಬರೆದರು. ನಮ್ಮ ಮನೆತನದಲ್ಲಿ ಲಗ್ನಕ್ಕೂ ಹೋಮ ಹಾಕುವ ರೂಢಿಯಿಲ್ಲ, ಇನ್ನು ಉಡಿಕಿಗೆ ಎಲ್ಲಿಯದು! ನಾನು ಓದಿ ಹೇಳಿದಾಗ ಅತ್ತೆ, ಬೆಂಕಿ ಯಾವಾಗ ಸುತ್ತೇವಿ ಅಣ್ಣಾ ನಾವು ಎಂದು ಕೇಳಿದಳು. ಕಾಗದದಾಗ ಹಂಗ ಬರೀತಾರ, ನೀ ಸುಮ್ಮನಿರು ಅಂದ ಅಪ್ಪ. ಡಾಕ್ಟರ ಮುಂದೆ, ವಕೀಲರ ಮುಂದೆ ತಲೆಯಾಡಿಸುವುದು ನಮ್ಮವರ ಹುಟ್ಟುಗುಣ.

ಸಾಕ್ಷಿ ಹೇಳುವ ಸರದಿ ಬಂದದ್ದು ಆ ವರ್ಷದ ಮುಂಗಾರಿನಲ್ಲಿ. ಮಳೆ ಸರಿಯಾಗಿ ಹಿಡಿದಿತ್ತು. ನಮ್ಮದು ಎರೆಮಣ್ಣಿನ ದಾರಿ, ಚಪ್ಪಲಿ ಹಾಕಿದರೆ ಕಾಲು ಏಳುವುದಿಲ್ಲ. ಅತ್ತೆ, ಅಪ್ಪ, ನಾನು ಚಪ್ಪಲಿ ಕೈಯಲ್ಲಿ ಹಿಡಿದು ಡಾಂಬರು ರಸ್ತೆಗೆ ಬಂದು, ಅಲ್ಲಿ ಗುಂಡಿಯ ನೀರಿನಲ್ಲಿ ಕಾಲು ತೊಳೆದುಕೊಂಡು ಬಸ್ಸು ಕಾಯುತ್ತಿದ್ದೆವು. ಆಗ ನಾನು ಬಿ.ಎ. ಓದುತ್ತಿದ್ದೆ. ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ, ಹಾಗಾಗಿ ತಾರೀಖು ಇದ್ದಾಗಲೆಲ್ಲ ಕಾಲೇಜು ಬಿಟ್ಟು ನಾನೂ ಜೊತೆ. ಆ ವರ್ಷವೇ ನನಗೆ ಗಂಡು ಗೊತ್ತಾಗಿತ್ತು, ಮುದ್ದೇಬಿಹಾಳದವರು. ಹೆಣ್ಣು ಕೋರ್ಟು ಕಚೇರಿ ತಿರುಗುತ್ತದಂತೆ ಎಂದು ಅವರು ಕೇಳಿದ್ದಕ್ಕೆ, ಹೌದು ತಿರುಗುತ್ತದೆ, ಬೇಕಾದರೆ ಮಾಡಿಕೊಳ್ಳಿರಿ ಎಂದು ನಾನೇ ಅಂದುಬಿಟ್ಟಿದ್ದೆ. ಅವ್ವ ಒಲೆಯ ಮುಂದೆ ಹಣೆ ಬಡಿದುಕೊಂಡಿದ್ದಳು.

ಕೋರ್ಟಿನ ಜಗಲಿಯಲ್ಲಿ ಅತ್ತೆಗೆ ಪ್ರೀತಿಯಾದ ಒಂದೇ ಸಂಗತಿ ಇತ್ತು. ಅಲ್ಲಿನ ಜವಾನ ಬಾಗಿಲಿಗೆ ಬಂದು “ಗೌರವ್ವ ಗಂಡ ಮಲ್ಲಪ್ಪ” ಎಂದು ಉದ್ದಕ್ಕೆ ಕೂಗುತ್ತಿದ್ದ. ದಾವೆಯಲ್ಲಿ ಹೆಸರು ಹಾಗಿತ್ತು, ಹಾಗೇ ಕೂಗುತ್ತಿದ್ದ. ಗಂಡನ ಹೆಸರನ್ನು ಅತ್ತೆ ಎಂದೂ ಬಾಯಲ್ಲಿ ತಂದವಳಲ್ಲ. ಆ ಕೂಗು ಬಿದ್ದೊಡನೆ ಎದ್ದು ನಿಂತು, ತಲೆಯ ಮೇಲೆ ಸೆರಗು ಎಳೆದುಕೊಂಡು, ಒಂದು ಗಳಿಗೆ ಹಾಗೇ ನಿಲ್ಲುತ್ತಿದ್ದಳು. ಬಸ್ಸಿನಲ್ಲಿ ಬರುವಾಗ ಒಮ್ಮೆ ನನ್ನ ಕಡೆ ತಿರುಗಿ, ಸುವ್ವಿ, ಇದೊಂದು ಕೂಗು ಕೇಳಾಕರ ಬರಬೇಕು ನೋಡ ಅಂದಿದ್ದಳು. ನಾನು ನಕ್ಕಿದ್ದೆ.

ಮೊದಲು ಅಪ್ಪನ ಸಾಕ್ಷಿ. ಲಗ್ನ ಕಣ್ಣಾರೆ ನೋಡಿದಿರಾ ಎಂದು ಎದುರು ವಕೀಲರು ಕೇಳಿದರು. ಇಲ್ಲ, ಹೊರಗೆ ಕಟ್ಟೆಯ ಮೇಲೆ ಕೂತಿದ್ದೆ ಅಂದ. ತಂಗಿಯ ಲಗ್ನದಲ್ಲಿ ಅಣ್ಣ ಹೊರಗೆ? ಕರೆಯೋಲೆ ಇದೆಯೇ, ಫೋಟೋ ಇದೆಯೇ, ಉಂಡುಹೋದ ಒಬ್ಬರಾದರೂ ಇದ್ದಾರೆಯೇ? ನೀಲವ್ವ ಆ ಹೊತ್ತಿಗೆ ಸತ್ತು ಹೋಗಿದ್ದಳು. ಉಡಿಕಿ ಉಡಿಕಿಯಂತೆ ನಡೆದಿತ್ತು, ಅದಕ್ಕೇ ಸಾಕ್ಷಿ ಇರಲಿಲ್ಲ. ಯಾವ ಯಾವ ಸಂಗತಿಯಿಂದ ಅದು ನಮ್ಮ ಪದ್ಧತಿಯ ಪ್ರಕಾರ ಸರಿಯಾಗಿತ್ತೋ, ಅವೇ ಸಂಗತಿಗಳು ಅಲ್ಲಿ ಒಂದೊಂದಾಗಿ ಅದು ಸುಳ್ಳು ಎಂದು ತೋರಿಸುತ್ತ ಹೋದವು. ನನ್ನ ಕೈಯಲ್ಲಿ ಏನಾದರೂ ಇದ್ದಿದ್ದರೆ ಎದುರು ವಕೀಲರ ಮೇಲೆ ಎಸೆಯುತ್ತಿದ್ದೆ.

ಆಮೇಲೆ ಶಿವಪ್ಪ. ಆ ಒಳಮನೆಯಲ್ಲಿ ಇದ್ದವರ ಪೈಕಿ ಅತ್ತೆಯನ್ನು ಬಿಟ್ಟರೆ ಬದುಕಿ ಉಳಿದಿದ್ದವನು ಅವನೊಬ್ಬನೇ. ಅಡಿಕೆ ಜಗಿಯುವ ಬಾಯಿ ಅವತ್ತು ಒಣಗಿತ್ತು. ನಾನು ಅಲ್ಲಿ ಇರಲಿಲ್ಲ, ನನಗೇನೂ ಗೊತ್ತಿಲ್ಲ, ಸೀರೆ ಗೀರೆ ನಾನು ತಂದಿಲ್ಲ ಅಂದ. ಮತ್ತೆ ಅಂದ, “ಈ ಹೆಣ್ಮಗಳು ನಮ್ಮಣ್ಣನ ತ್ವಾಟದಾಗ ಕೆಲಸಕ್ಕ ಇದ್ದಳ್ರಿ.” ಹೆಣ್ಮಗಳು! ಹದಿನಾಲ್ಕು ವರ್ಷದ ವೈನಿ ಆ ಕಟಕಟೆಯಲ್ಲಿ ಯಾರೋ ಹೆಣ್ಮಗಳಾದಳು. ಅತ್ತೆ ಅವನನ್ನೇ ನೋಡುತ್ತಿದ್ದಳು. ಅವನು ಮೇಲೆ ನೋಡಲಿಲ್ಲ.

ಅತ್ತೆಯ ಸರದಿ ಬರುವ ಹಿಂದಿನ ತಾರೀಖಿನಲ್ಲಿ ನಮ್ಮ ವಕೀಲರು ಅವಳನ್ನು ಬೇವಿನ ಗಿಡದ ಕೆಳಗೆ ಕೂರಿಸಿಕೊಂಡು ಮಕ್ಕಳಿಗೆ ಹೇಳಿದಂತೆ ಹೇಳಿದ್ದರು. ಒಂದೇ ಪ್ರಶ್ನೆ ತಾಯಿ, ಲಗ್ನ ಆಗಿತ್ತೇ ಎಂದು ಕೇಳುತ್ತಾರೆ, ಹೌದು ಅನ್ನಬೇಕು, ಮುಂದಿನದು ನನಗೆ ಬಿಡಿ. ಇಷ್ಟು ವರ್ಷ ಗಂಡಹೆಂಡಿರಂತೆ ಬಾಳಿದ್ದೀರಿ, ಕಾಯ್ದೆ ಅದನ್ನೂ ನೋಡುತ್ತದೆ, ನಿಮ್ಮ ಬಾಯಿಂದ ಆ ಒಂದು ಮಾತು ಬಂದರೆ ಸಾಕು. ಅತ್ತೆ ಆಗಲಿ ಅಂದಿದ್ದಳು. ಬಟ್ಟೆಚೀಲದಿಂದ ಆ ಸೀರೆ ತೆಗೆದು, ಇದನ್ನ ಸಾಹೇಬರಿಗೆ ತೋರಸ್ಲೇನ್ರಿ ಎಂದು ಕೇಳಿದ್ದಳು. ಸೀರೆ ಎಲ್ಲರ ಮನೆಯಲ್ಲೂ ಇರುತ್ತದೆ ತಾಯಿ ಎಂದು ಅವರು ಮೆತ್ತಗೆ ಹೇಳಿದರು. ಅವಳು ಮಡಿಕೆ ಕೆಡದಂತೆ ಮತ್ತೆ ಒಳಗಿಟ್ಟಳು.

ಅವತ್ತು ಕಟಕಟೆಯಲ್ಲಿ ನಿಂತಾಗ ಹೊರಗೆ ಮಳೆ ಸುರಿಯುತ್ತಿತ್ತು. ಹೆಂಚಿನ ಸದ್ದಿಗೆ ಮಾತು ಕೇಳಿಸದೆ ಸಾಹೇಬರು ಎರಡು ಸಲ, ಗಟ್ಟಿಯಾಗಿ ಹೇಳಿ ಅಂದರು. ದೇವರ ಮೇಲೆ ಆಣೆ ಮಾಡಿಸಿದರು. ಎದುರು ವಕೀಲರು ದೊಡ್ಡ ದನಿಯವರೇನಲ್ಲ, ಮನೆಯ ಮಗನಂತೆ ಕೇಳಿದರು, ಯವ್ವಾ, ಮಲ್ಲಪ್ಪನವರ ಜೋಡಿ ನಿಮ್ಮ ಲಗ್ನ ಆಗಿತ್ತೇನು?

ನಾನು ಹಿಂದಿನ ಬೆಂಚಿನಲ್ಲಿ ಕೂತು ಮನಸ್ಸಿನಲ್ಲೇ, ಹೌದು ಅನ್ನು, ಹೌದು ಅನ್ನು ಎಂದು ಹಲ್ಲು ಕಚ್ಚಿ ಹಿಡಿದಿದ್ದೆ.

“ಇಲ್ರಿ,” ಅಂದಳು. “ಹೆಣ್ಣಿಗಿ ಲಗ್ನ ಒಮ್ಮೀನ. ಅದು ಹಾವು ಕಡದು ಸತ್ತಾನಲ್ರಿ, ಆ ಹುಡುಗನ ಜೋಡಿ ಆಗಿತ್ತು. ಇವರ ಜೋಡಿ ನಾ ಉಡಿಕಿ ಆಗೇನಿ. ದೇವರ ಮ್ಯಾಲ ಆಣಿ ಮಾಡೇನಿ, ಆ ಹುಡುಗಂದು ಇಲ್ಲ ಅನ್ನಾಕ ಬರೂದಿಲ್ರಿ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಾಹೇಬರು ಪೆನ್ನು ಕೆಳಗಿಟ್ಟು, ಉಡಿಕಿ ಎಂದರೇನು ಎಂದು ನಮ್ಮ ವಕೀಲರನ್ನು ಕೇಳಿದರು. ಅವರು ಎದ್ದು, ಅದು ಈ ಕಡೆಯ ಪದ್ಧತಿ, ಅದೂ ಮದುವೆಯೇ ಎಂದು ತೊದಲಿದರು. ದಾವೆಯಲ್ಲಿ ಹೋಮ ಎಂದಿದೆ, ಏಳು ಹೆಜ್ಜೆ ಎಂದಿದೆ, ಉಡಿಕಿ ಎಂಬ ಮಾತು ಎಲ್ಲಿದೆ ತೋರಿಸಿ ಎಂದು ಎದುರಿನವರು ಎದ್ದರು. ಎಲ್ಲಿಯೂ ಇರಲಿಲ್ಲ. ಇದ್ದಿದ್ದರೆ, ಪದ್ಧತಿ ಎಂದು ಮೊದಲೇ ಬರೆದಿದ್ದರೆ, ಕಾಯ್ದೆಯಲ್ಲಿಯೇ ಅದಕ್ಕೆ ಜಾಗ ಇತ್ತಂತೆ. ಇದು ನನಗೆ ಆಮೇಲೆ ತಿಳಿದದ್ದು. ನಾಚಿಕೆಪಟ್ಟು ನಾವು ಮುಚ್ಚಿಟ್ಟ ಮಾತೇ ಅವಳನ್ನು ಉಳಿಸುವ ಮಾತಾಗಿತ್ತು.

ಹೊರಗೆ ಬಂದ ಮೇಲೆ ನಾನು ಅತ್ತೆಯ ಮೇಲೆ ಹರಿಹಾಯ್ದೆ. ಒಂದು ಹೌದು ಅಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಕೇಳಿದೆ. ಅವಳು ನನ್ನ ನೆನೆದ ತಲೆಯನ್ನು ಸೆರಗಿನಿಂದ ಒರೆಸುತ್ತ ಹೇಳಿದಳು, “ಕೋರ್ಟಿನವರು ಹೇಣ್ತಿ ಅನ್ಲಿ ಅಂತ ನಾ ಆ ಹುಡುಗನ ಹೇಣ್ತಿ ಅಲ್ಲ ಅನ್ಲೇನ? ಅವನೂ ಗಂಡನ. ಇವರೂ ಗಂಡನ. ಇಷ್ಟು ಓದಿದವರಿಗಿ ಇದು ತಿಳಿಯೂದಿಲ್ಲೇನವ್ವಾ?” ನಾನು ಅತ್ತುಬಿಟ್ಟೆ.

ದಾವೆಯನ್ನು ತಿದ್ದಿ ಬರೆಯಲು ಕೇಳಿಕೊಂಡದ್ದು ಆಗಲಿಲ್ಲ. ಸಂಕ್ರಾಂತಿಯ ಸುತ್ತ ತೀರ್ಪು ಬಂತು. ವಿವಾಹ ಆಗಿಲ್ಲ ಎಂದು ವಾದಿಯೇ ಹೇಳಿರುವಾಗ ಅವಳನ್ನು ಹೆಂಡತಿ ಎನ್ನಲು ಬರುವುದಿಲ್ಲ ಎಂದಾಯಿತು. ಅತ್ತೆ ಅಳಲಿಲ್ಲ. ಮೇಲಿನ ಕೋರ್ಟಿಗೆ ಹೋಗೋಣ ಎಂದು ಅಪ್ಪ ಅಂದರೆ ಬೇಡ ಅಂದಳು. ವಾಪಸು ಬರುವಾಗ ಕೇಳಿದ್ದು ಒಂದೇ, ಇನ್ನ ಮ್ಯಾಲ ಅಂವ ಕೂಗೂದಿಲ್ಲಲ್ಲ? ಯಾವನು ಎಂದು ನಾನು ಕೇಳಲಿಲ್ಲ. ಗೊತ್ತಿತ್ತು.

ಆ ಬೇಸಿಗೆಯಲ್ಲಿ ನನ್ನ ಮದುವೆ. ಬಣ್ಣದ ಕರೆಯೋಲೆ, ಕಣ್ಣಿಗೆ ಲೈಟು ಬಿಡುವ ವಿಡಿಯೋದವನು, ಬಾಗೇವಾಡಿಯ ಬಾಜಾ, ಯಾವುದಕ್ಕೂ ಕೊರತೆ ಇಲ್ಲ. ನನ್ನ ಗಂಡನ ಮುಖವನ್ನು ನಾನು ಸರಿಯಾಗಿ ನೋಡುವ ಮೊದಲೇ ನಾನು ಅವರ ಹೆಂಡತಿ ಎನ್ನುವುದಕ್ಕೆ ಊರು ತುಂಬ ಸಾಕ್ಷಿ. ಅತ್ತೆಯ ಹದಿನಾಲ್ಕು ವರ್ಷ ಸಾಕ್ಷಿಗೆ ಸಾಲದೆ ಹೋಗಿತ್ತು. ಉಡಿಕಿ ಆದವಳು ಅರಿಶಿನ ಹಚ್ಚುವ ಹಾಗಿಲ್ಲ, ಆರತಿ ಎತ್ತುವ ಹಾಗಿಲ್ಲ, ಮೇಲೆ ಈಗ ಗಂಡ ಬೇರೆ ಇಲ್ಲ. ನನ್ನನ್ನು ಸೊಂಟದ ಮೇಲೆ ಬೆಳೆಸಿದವಳು ಅಡಿಗೆಯವರ ಹಿಂದೆ ಕೂತು ನಿಂಬೆಹಣ್ಣು ಕೊಯ್ಯುತ್ತಿದ್ದಳು. ಅಕ್ಷತೆ ಬೀಳುವಾಗ ನಾನು ಜನರ ತಲೆಗಳ ಮೇಲೆ ಅವಳನ್ನು ಹುಡುಕಿದೆ. ಕಾಣಲಿಲ್ಲ.

ಮುಂಗಾರು ತಿರುಗಿ ಬಂದಾಗ ಅವಳಿಗೆ ಕಾಮಾಲೆ. ಕಣ್ಣು ಹಳದಿಯಾದ ಮೇಲೂ ಯಾರಿಗೂ ಹೇಳದೆ ಹೊಲದ ಕೆಲಸಕ್ಕೆ ಹೋಗಿದ್ದಾಳೆ. ಸುದ್ದಿ ಮುಟ್ಟಿ ನಾನು ಮುದ್ದೇಬಿಹಾಳದಿಂದ ಬರುವಷ್ಟರಲ್ಲಿ ಮುಗಿದಿತ್ತು. ಅಪ್ಪ ಬೆಳಿಗ್ಗೆಯೇ ಶಿವಪ್ಪನ ಊರಿಗೆ ಮೋಟರ್ ಸೈಕಲ್ ಮೇಲೆ ಆಳು ಕಳಿಸಿದ್ದ, ತೋಟದಲ್ಲಿ ಅಣ್ಣನ ಮಗ್ಗಲಿಗೆ ಇಷ್ಟು ಜಾಗ ಕೊಡು ಎಂದು. ಕೋರ್ಟೇ ಅಲ್ಲ ಅಂದಮೇಲೆ ನಾನು ಹೇಗೆ ಕೊಡಲಿ ಎಂದು ಉತ್ತರ ಬಂತು. ನಮ್ಮೂರ ಹಳ್ಳದ ದಂಡೆಯಲ್ಲಿ ಕುಣಿ ತೋಡಿದರು.

ಯಾವ ಸೀರೆ ಉಡಿಸಬೇಕು ಎಂಬ ಮಾತು ಹುಟ್ಟಿತು. ಗಂಡ ಸತ್ತವಳು, ಬಿಳಿಯದು ತರ್ರಿ ಎಂದು ಹಿರಿಯ ಹೆಂಗಸರು. ಆಗ ನನ್ನ ಅವ್ವ ಎದ್ದು ಅತ್ತೆಯ ಟ್ರಂಕು ತೆಗೆದಳು. ಒಣಗಿ ಪುಡಿಯಾದ ನಿಂಬೆ ಎಲೆಗಳನ್ನು ಕೊಡವಿ ಆ ನೀಲಿ ಇಳಕಲ್ ಸೀರೆ ಬಿಚ್ಚಿದಳು. ಅವ್ವ ಯಾರಿಗೂ ಎದುರಾಡಿದ ಹೆಂಗಸಲ್ಲ. “ಆವತ್ತ ಈಕಿ ಇದನ್ನ ಉಡಾಗ ಬಾಗಲಾ ಹಾಕ್ಕೊಂಡು ಕುಂತಿದ್ದೆ,” ಅಂದಳು. “ಇವತ್ತ ನಾನ ಉಡಸ್ತೇನಿ. ಕಣ್ತುಂಬ ನೋಡ್ತೇನಿ.” ತಾನೇ ನಿರಿಗೆ ಹಿಡಿದಳು. ನಾನು ಸೆರಗು ಹೊದಿಸಿದೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಕಥೆಯನ್ನು ಎದೆಯಲ್ಲಿ ಇಟ್ಟುಕೊಂಡು ಸುಮ್ಮನಿರುತ್ತಿದ್ದೆನೇನೋ. ಅದೇ ವರ್ಷ ದೀಪಾವಳಿಗೆ ನಾನು ತವರಿಗೆ ಬಂದಾಗ ಶಿವಪ್ಪ ನಮ್ಮೂರ ಚಾವಡಿಯಲ್ಲಿ ಕೂತಿದ್ದ. ಬಾಗೇವಾಡಿ ರಸ್ತೆ ಅಗಲವಾಗಿತ್ತು, ರಸ್ತೆಗೆ ಹೊಂದಿದ ಜಾಗಗಳಿಗೆ ಬೆಲೆ ಬಂದಿತ್ತು. ಅತ್ತೆಯ ಆ ಒಂದು ಖೋಲಿಯ ಮನೆ ತನಗೆ ಸೇರಬೇಕು ಎಂದು ಅರ್ಜಿ ಹಿಡಿದು ಬಂದಿದ್ದ.

ತಲಾಠಿ, ಅಂದರೆ ನಮ್ಮೂರ ಲೆಕ್ಕ ನೋಡುವ ಅಧಿಕಾರಿ, ಅಪ್ಪನನ್ನು ಕರೆಸಿ ಸರಳವಾಗಿ ಹೇಳಿದರು. ಮಕ್ಕಳಿಲ್ಲದ ಹೆಂಗಸು ಸತ್ತರೆ ಅವಳ ಆಸ್ತಿ ಗಂಡನ ಕಡೆಯವರಿಗೆ ಹೋಗುತ್ತದೆ. ಅವಳು ಮಲ್ಲಪ್ಪನ ಹೆಂಡತಿ ಎಂದಾದರೆ ಮನೆ ಅವನ ತಮ್ಮ ಶಿವಪ್ಪನದು. ಹೆಂಡತಿ ಅಲ್ಲ ಎಂದಾದರೆ, ಮೊದಲ ಗಂಡನ ಕಡೆ ಯಾರೂ ಇಲ್ಲದ್ದರಿಂದ, ಅಣ್ಣನಾದ ನಿನ್ನದು. ಹೆಂಡತಿ ಅಲ್ಲ ಎಂದು ಕೋರ್ಟೇ ಹೇಳಿದೆ. ನೀನು ಅದೊಂದು ಮಾತು ಹೇಳಿದರೆ ಇವನ ಅರ್ಜಿ ನಿಲ್ಲುವುದಿಲ್ಲ.

ನನಗೆ ಎಷ್ಟು ಖುಷಿಯಾಯಿತು ಎಂದರೆ, ಕೈ ಚಪ್ಪಾಳೆ ತಟ್ಟುವುದೊಂದು ಬಾಕಿ. ಸಿಕ್ಕಿಬಿದ್ದೆಯಲ್ಲ ಮಗನೇ ಅಂದುಕೊಂಡೆ. ಅಪ್ಪ ರುಮಾಲು ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ. ಆಮೇಲೆ ತಲಾಠಿಯವರಿಗೆ ಅಂದ, “ಅಂವಗ ಮೊದಲ ಕೇಳ್ರಿ ಸಾಹೇಬರ. ಈಕಿ ಅಂವಗ ಏನಾಗಬೇಕು? ಈ ಮಂದಿ ಮುಂದ ಬಾಯಿಬಿಟ್ಟು ಹೇಳ್ಲಿ.”

ಚಾವಡಿಯಲ್ಲಿ ಊರ ಜನ ತುಂಬಿತ್ತು. ತಲಾಠಿ ಅರ್ಜಿ ನೋಡಿ ಓದಿದರು, ಗೌರವ್ವ ಗಂಡ ಮಲ್ಲಪ್ಪ. ಕೋರ್ಟಿನ ಜವಾನನ ಬಾಯಿಂದ ಕೇಳಿದ ಮೇಲೆ ಆ ಹೆಸರನ್ನು ನಾನು ಮತ್ತೆ ಕೇಳಿದ್ದು ಆಗಲೇ. ಈಕೆ ನಿನಗೆ ಏನಾಗಬೇಕು ಎಂದರು.

“ನಮ್ಮ ವೈನಿರಿ,” ಅಂದ ಶಿವಪ್ಪ. “ನಮ್ಮಣ್ಣನ ಹೇಣ್ತಿ.”

ಅದಕ್ಕೆ ಏನು ಆಧಾರ ಎಂದು ತಲಾಠಿ ಕೇಳಿದರು. ಅವನು ನೆಲ ನೋಡುತ್ತ ಹೇಳಿದ, “ಉಡಿಕಿ ಆಗಿತ್ರಿ. ನಾ ಅಲ್ಲೇ ಇದ್ದೆ. ಇಳಕಲ್ಲಿಗಿ ಹೋಗಿ ಸೀರಿ ತಂದಾಂವ ನಾನ.”

ಎಷ್ಟು ಸಲೀಸಾಗಿ ಬಂತು ಆ ಮಾತು. ಒಂದು ವರ್ಷ ಮೊದಲು ಇದೇ ಮಾತು ಬಂದಿದ್ದರೆ ಅತ್ತೆ ಗಂಡನ ಮನೆಯಲ್ಲಿ ಕಣ್ಣು ಮುಚ್ಚುತ್ತಿದ್ದಳು. ನಾನು ಎದ್ದು ಬೈಯಲು ಬಾಯಿ ತೆರೆದೆ. ಅಪ್ಪ ಕೈ ಎತ್ತಿ ನನ್ನನ್ನು ತಡೆದ. ತಲಾಠಿಯವರು ಅವನ ಮಾತನ್ನು ಬರೆದುಕೊಂಡು, ನಿನ್ನ ತಕರಾರು ಹೇಳು ಎಂದು ಅಪ್ಪನ ಕಡೆ ನೋಡಿದರು. ಅಪ್ಪ, ತಕರಾರು ಇಲ್ಲರಿ, ಅಂವ ಹೇಳಿದ್ದು ಖರೇ ಐತಿ ಅಂದ. ಹೆಬ್ಬೆಟ್ಟು ಒತ್ತಿದ. ಮನೆ ಹೋಯಿತು. ಅಂಗಳದ ನಿಂಬೆ ಗಿಡ ಮೊದಲ ಹೂ ಬಿಟ್ಟಿತ್ತು, ಅದೂ ಹೋಯಿತು.

ಹೊರಗೆ ಬಂದ ಮೇಲೆ ನಾನು ತಡೆಯಲಿಲ್ಲ. ನಿನಗೆ ಬುದ್ಧಿ ಇದೆಯೇನಪ್ಪ, ಅವನ ಬಾಯಿಗೆ ಮಣ್ಣು ಹಾಕುವುದು ಬಿಟ್ಟು ಮನೆ ಹಾಕಿದೆಯಲ್ಲ ಎಂದು ರಸ್ತೆಯಲ್ಲೇ ಕೂಗಾಡಿದೆ. ಅಪ್ಪ ನನ್ನನ್ನು ಬೈಯಲಿಲ್ಲ.

“ಆಕಿ ಒಂದು ಸುಳ್ಳು ಹೇಳಿದ್ರ ಗೆಲ್ತಿದ್ದಳು, ಹೇಳಲಿಲ್ಲ,” ಅಂದ. “ಈಗ ಆಕಿ ಹೇಣ್ತಿ ಅಲ್ಲ ಅಂತ ನಾ ಸುಳ್ಳು ಹೇಳಿ ಮನಿ ಉಳಿಸ್ಕೊಳ್ಲೇನು?”

ಅಪ್ಪನ ಪಕ್ಕ ನಡೆದೆ. ಬಸ್ಸು ನಿಲ್ಲುವ ಜಾಗದಲ್ಲಿ ಶಿವಪ್ಪ ಒಬ್ಬನೇ ನಿಂತಿದ್ದ. ನಾವು ದಾಟಿ ಹೋಗುವಾಗ ಎರಡು ಹೆಜ್ಜೆ ಮುಂದೆ ಬಂದು, ವೈನಿನ್ನ ಎಲ್ಲಿ ಇಟ್ಟೀರಿ ಎಂದು ಕೇಳಿದ.

ಅಪ್ಪ ನಿಂತ. ಹಳ್ಳದ ಕಡೆ ಕೈ ತೋರಿಸಿದ. “ಅಲ್ಲಿ, ದಂಡಿಗಿ ಮಲಗ್ಯಾಳ,” ಅಂದ. “ನೀ ತಂದ ಸೀರೀನ ಉಡಿಸಿ ಕಳಿಸೇವಿ.”

ಶಿವಪ್ಪ ಆ ಕಡೆ ಮುಖ ಮಾಡಿ ನಿಂತ. ಬಸ್ಸು ಬಂತು, ಕಂಡಕ್ಟರ್ ಕರೆದ, ಅವನು ಹತ್ತಲಿಲ್ಲ. ನಾವು ತಿರುವು ದಾಟುವಾಗ ನಾನು ಹಿಂತಿರುಗಿ ನೋಡಿದೆ. ಬಸ್ಸು ಹೋಗಿತ್ತು, ಅವನು ಇನ್ನೂ ಅಲ್ಲೇ ನಿಂತಿದ್ದ. ಹಳ್ಳದ ಕಡೆಗೂ ಹೋಗಿರಲಿಲ್ಲ.